ಗಿರಣಿ ಡಾಕ್ಟರರ ನಾಡಿಪರೀಕ್ಷೆ

ಭಾನುವಾರ, ಜೂನ್ ೮

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಅದಕ್ಕೊಂದು ಒಳ್ಳೆಯ ಕಾರಣ ಹುಡುಕುತ್ತ ಕೂತೆ, ಇನ್ನಷ್ಟು ತಡವಾಯಿತು. ‘ನಾನು ಗಂಡನ ಮನೆ ಬಿಟ್ಟು ಹಾಸ್ಟೆಲಿಗೆ ಬಂದಾಗಿನಿಂದ ಅಪ್ಪ ಫೋನಲ್ಲಿ ಮಾತೇ ಆಡಲ್ಲ. ಹ್ಞೂಂ ಅಂದು ಅಮ್ಮನಿಗೆ ಕೊಟ್ಟುಬಿಡ್ತಾರೆ. ಅಷ್ಟು ಕೋಪವಾ?’ ಎಂದು ಕೇಳಿದ್ದೀಯ. ಆ ಆರೋಪಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಿರಣಿಯ ಸುದ್ದಿ.

ನಿನ್ನ ಅಪ್ಪ ಹಿಟ್ಟಿನ ಗಿರಣಿಯಲ್ಲಿ ಫಿಟ್ಟರ್ ಎಂಬುದು ಬರೀ ವದಂತಿ. ಅಲ್ಲಿ ನಾನು ಡಾಕ್ಟರು! ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗೆ ತಿರುಗುವ ಬೇರಿಂಗಿನ ಆರೋಗ್ಯ ಹೇಳುವವನು. ಬೇರಿಂಗು ನಿನ್ನ ಅಮ್ಮನ ಹಾಗೆ, ಇಡೀ ಭಾರ ಹೊತ್ತು ತಿರುಗುತ್ತಲೇ ಇರುತ್ತದೆ. ಅದರ ಪಕ್ಕದ ಸೀಲು ನಿನ್ನ ಸೋದರತ್ತೆ. ನೋಡಲು ಒಂದು ರಬ್ಬರ್ ಬಳೆ; ಆದರೆ ಬಾಗಿಲಲ್ಲಿ ಕೂತಿತೆಂದರೆ ಒಳಗಿನ ಗ್ರೀಸು ಹೊರಗೆ ಹೋಗದು, ಹೊರಗಿನ ಧೂಳು ಒಳಗೆ ಬಾರದು.

ಮೊನ್ನೆ ಗೋಧಿ ಅರೆಯುವ ದೊಡ್ಡ ರೋಲರಿನ ಸೀಲು ಸವೆದು, ಬೇರಿಂಗಿನೊಳಗೆ ಹಿಟ್ಟು ನುಗ್ಗಿತ್ತು. ನಾನು ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ, ಪರಮ ಗಾಂಭೀರ್ಯದಿಂದ ‘ಮಗು ಹಾಯಾಗಿ ಮಲಗಿದೆ’ ಎಂದು ಘೋಷಿಸಿದೆ.

ಸೂಪರ್‌ವೈಸರಮ್ಮ ಎರಡೂ ಕಿವಿ ಮುಚ್ಚಿಕೊಂಡು ನನ್ನ ಮುಖದ ಮುಂದೆಯೇ ಬಂದು ಕೂಗಿದಳು: ‘ಡಾಕ್ಟ್ರೇ, ನಿಮ್ ಮಗು ಕಿರುಚ್ಕೊಳ್ತಾ ಇದೆ!’

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಹೊಗೆ ಎದ್ದಿತು. ಆಕೆಯೇ ಓಡಿಹೋಗಿ ಯಂತ್ರ ನಿಲ್ಲಿಸಿದಳು. ಬಿಚ್ಚಿದರೆ ಗ್ರೀಸೂ ಹಿಟ್ಟೂ ಸೇರಿ, ಅಡುಗೆಮನೆಯಲ್ಲಿ ನಾನು ಕೈಯಾರೆ ಕಲಸಿದ ಚಪಾತಿ ಹಿಟ್ಟಿನಂತಿತ್ತು. ಹೊಸ ಬೇರಿಂಗು, ಹೊಸ ಸೀಲು ಕೂರಿಸಿ, ಈ ಸಲ ಮೇಲೆ ಅಂಗೈಯಿಟ್ಟು ನಡುಕ ನೋಡಿದೆ. ಸರಿಯಾಗಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರಿಗೂ ತಲೆ ತಗ್ಗಿಸಬೇಡ. ನಿನಗೆ ಒಳ್ಳೆಯದೇ ಆಗಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಕೋಪವಲ್ಲ ಪುಟ್ಟಿ, ಕಿವಿ ಹೋಗಿದೆ. ಫೋನಿನಲ್ಲಿ ನಿನ್ನ ದನಿ ನನಗೆ ಬರೀ ಗಾಳಿಯ ಹಾಗೆ. ‘ಏನಂದೆ?’ ಎಂದರೆ, ಆ ಮನೆಯಲ್ಲಿ ಪಟ್ಟದ್ದನ್ನೆಲ್ಲ ನೀನು ಮೊದಲಿನಿಂದ, ಅದೂ ಕೂಗಿ ಹೇಳಬೇಕಾಗುತ್ತಿತ್ತು. ಅದಕ್ಕೇ ಅಮ್ಮನಿಗೆ ಕೊಡುತ್ತಿದ್ದೆ. ಒಮ್ಮೆ ಬಾ. ಎದುರಿಗೆ ಕೂತು ಹೇಳು, ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನೆ ನಿನ್ನ ಕೈಯನ್ನು ನನ್ನ ಕೈಯಲ್ಲಿಡು. ಅಂಗೈ ಇನ್ನೂ ಕೆಟ್ಟಿಲ್ಲ.