ಕೆಂಪು ಹಿಡಿಕೆ

ನವೆಂಬರ್ ೨

ಸೊಸೆಗೆ ಮಾವನ ಆಶೀರ್ವಾದ.

ನನ್ನ ಕೈಗೆ ಕತ್ತರಿ ಕೊಡಿ, ಪೆನ್ನು ಕೊಡಬೇಡಿ ಎಂದು ಎಷ್ಟು ಸಲ ಹೇಳಿದ್ದೇನೆ? ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಹತ್ತಿರ ಕಾಗದ ಬರೆಸುತ್ತೀರಲ್ಲ, ತಾಯಿ ಮಗಳು ಸೇರಿ! ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಿನ್ನ ಎರಡು ಕಾಗದಕ್ಕೂ ಉತ್ತರ ತಡವಾಯಿತು. ಅಂಗಡಿಯಲ್ಲಿ ಹೊಲಿಗೆ ಜಾಸ್ತಿ ಎಂದು ಬರೆಯಬಹುದು, ಆದರೆ ಸುಳ್ಳು. ಮನಸ್ಸಿರಲಿಲ್ಲ.

ಪಟ್ಟಣದಲ್ಲಿ ಆಸ್ಪತ್ರೆ ಕೆಲಸ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣು.

ಸ್ಕೂಲಿಗೆ ಹೊಸ ಆಟದ ಮೇಷ್ಟ್ರು ಬಂದಿದ್ದಾನೆ. ಕಾಲುವೆಯ ಎರಡು ದಡದವರೂ ಹೊಡೆದಾಡಿ ನನ್ನ ಮಗನನ್ನು ಮಣ್ಣಿಗಿಟ್ಟರಲ್ಲ, ಮಕ್ಕಳಾದರೂ ಒಂದಾಗಲಿ ಎಂದು ಸೋಲು ಗೆಲುವಿಲ್ಲದ ಆಟ ಆಡಿಸುತ್ತಾನೆ. ದೊಡ್ಡದೊಂದು ದುಂಡು ಬಟ್ಟೆ. ಮಕ್ಕಳು ಸುತ್ತಲೂ ನಿಂತು ಹಿಡಿದು, ನಡುವಿನ ಚೆಂಡು ಕೆಳಗೆ ಬೀಳದಂತೆ ಎಲ್ಲರೂ ಸೇರಿ ಹಾರಿಸಬೇಕು. ಹೊಲಿದುಕೊಟ್ಟವನು ನಾನೇ. ನಮ್ಮ ದಡದವರಿಗೆ ಕೆಂಪು ಹಿಡಿಕೆ, ನಿನ್ನ ತವರಿನ ದಡದವರಿಗೆ ನೀಲಿ, ಒಂದು ಬಿಟ್ಟು ಒಂದು. ಆಗ ಪಕ್ಕಪಕ್ಕ ನಿಲ್ಲಲೇಬೇಕಲ್ಲ, ಅದೇ ಮೇಷ್ಟ್ರ ಉಪಾಯ.

ನಿನ್ನ ಮಗಳಿಗೆ ಮಾತ್ರ ಮೊದಲು ಹಿಡಿಕೆ ಇರಲಿಲ್ಲ. "ನೀನ್ಯಾವ ಕಡೆ?" ಎಂದು ಮೇಷ್ಟ್ರು ಕೇಳಿದರೆ, "ಅಪ್ಪ ಈ ಕಡೆ, ಅಮ್ಮ ಆ ಕಡೆ" ಎಂದಳಂತೆ. ಚೆಂಡು ಹೆಕ್ಕಿ ತರುವ ಕೆಲಸ ಕೊಟ್ಟ. ಹೋಗಿ ಜಗಳವಾಡಿದೆ.

"ಇನ್ನೊಂದು ಹೊಲಿದುಕೊಡ್ತೀನಿ ಕಣಯ್ಯಾ, ಯಾವ ಬಣ್ಣ ಆದ್ರೂ ಸರಿ."

"ಸಮ ತಪ್ಪಿಹೋಗತ್ತೆ ತಾತಾ. ಒಂದು ಕಡೆಯವರು ಹೆಚ್ಚಾದ್ರೆ ಇನ್ನೊಂದು ಕಡೆ ಅಪ್ಪಂದಿರು ನನ್ನ ಚರ್ಮ ಸುಲೀತಾರೆ."

ಆಟವೇನೋ ಫಲ ಕೊಟ್ಟಿತು. ಎರಡು ದಡದ ಮಕ್ಕಳೂ ಬೇಕೆಂದೇ ಚೆಂಡನ್ನು ಚರಂಡಿಗೆ ಹಾರಿಸಿ, "ಓಡೇ ಅರೆಬರೆ, ಓಡೇ!" ಎಂದು ಒಂದೇ ದನಿಯಲ್ಲಿ ಕೂಗುವುದನ್ನು ನನ್ನ ಕಿವಿಯಾರೆ ಕೇಳಿದೆ. ಎಂಥ ಒಗ್ಗಟ್ಟು! ಮೇಷ್ಟ್ರ ಮುಖ ಊರಗಲ. "ನೋಡಿ ತಾತಾ, ಹೇಗೆ ಒಟ್ಟಿಗೆ ನಗ್ತಿದಾವೆ!"

ಈಗ ಅವಳಿಗೂ ಹಿಡಿಕೆ ಸಿಕ್ಕಿದೆ, ಕೆಂಪು. ಯಾವನೋ ಊರು ಬಿಟ್ಟ, ಜಾಗ ಖಾಲಿಯಾಯಿತು. ಚೆನ್ನಾಗಿ ಉಣ್ಣುತ್ತಾಳೆ, ನಿದ್ದೆಯಲ್ಲಿ ಬೆಚ್ಚುವುದಿಲ್ಲ. ಪಕ್ಕದ ನೀಲಿಯವಳ ಜೊತೆ ಗಳಸ್ಯ ಕಂಠಸ್ಯ.

ನೂರು ಕಾಲ ಬಾಳು.

ಇಂತಿ,
ನಿನ್ನ ಮಾವ

ಇನ್ನೊಂದು ಮಾತು: ಜಾಗ ಖಾಲಿಯಾದದ್ದು ನಿಜ, ಆದರೆ ಅದು ಅವಳಿಗೆ ಹೇಗೆ ಸಿಕ್ಕಿತೆಂದು ಮೇಲೆ ಬರೆಯಲು ಕೈ ಬರಲಿಲ್ಲ. "ನಮ್ಮಮ್ಮ ಸತ್ತೋದ್ಲು, ಇನ್ನು ನಾನು ಬರೀ ಅಪ್ಪನ ಕಡೆ" ಎಂದು ಮೇಷ್ಟ್ರಿಗೆ ಹೇಳಿದ್ದಾಳೆ. ಎರಡು ದಡದ ಮಕ್ಕಳೂ ಬಟ್ಟೆಯ ಸುತ್ತ ತಲೆ ತಗ್ಗಿಸಿ ನಿಂತು ನಿನಗಾಗಿ ಮೌನ ಆಚರಿಸಿದರಂತೆ. ಮೇಷ್ಟ್ರು ಅವಳ ಕೈ ಹಿಡಿದು ಅಂಗಡಿಗೇ ಬಂದ. "ಪಾಪ, ನಮಗ್ಯಾಕೆ ತಿಳಿಸ್ಲಿಲ್ಲ ತಾತಾ?" ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. "ಹೂಂ, ಹೋದ್ಲು" ಎಂದುಬಿಟ್ಟೆ.

ಹದಿನೈದಕ್ಕೆ ಹೆತ್ತವರ ಮುಂದೆ ಈ ಆಟ. ನೋಡಲು ಬರುತ್ತೇನೆ ಎಂದು ಬರೆದಿದ್ದೀಯ. "ನಿಮ್ಮಮ್ಮ ಬರ್ತಾಳಂತೆ ಕಣೇ" ಎಂದೆ. "ಬೇಡಾಂತ ಬರಿ ತಾತಾ" ಎಂದಳು. ಅಂಗಿಯ ಗುಂಡಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಬರುತ್ತೀಯೋ, ಸತ್ತೇ ಇರುತ್ತೀಯೋ, ಹತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.