ಶೇವಂತಿಯ ಬೇನೆಗೆ ಹೆಸರಿಟ್ಟ ದಿನ

ಕಡಲಗೋಡೆ ಊರು, ಹೊನ್ನಾವರದ ಪಡುವಣ ಬದಿ
ಗೋಡೆ ಎದ್ದ ಇನ್ನೂರ ಹದಿನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳು, ನಲವತ್ತೊಂದನೆಯ ತಾರೀಕು

ನಮಗಿಂತ ಎಷ್ಟೋ ತಲೆಮಾರು ಹಿಂದೆ ಇರುವ ನಿಮಗೆ, ಬೀರಮ್ಮ ಹರಿಕಂತ್ರಳ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ಕಡಲನ್ನು ತಡೆದು ನಿಂತ ಗೋಡೆಯನ್ನು ಒಂದು ಸುತ್ತು ರಿಪೇರಿ ಮಾಡಿ ಮುಗಿಸಿದರೆ ನಮಗೆ ಒಂದು ತಿಂಗಳು. ಅದು ನಿಮ್ಮ ಕ್ಯಾಲೆಂಡರಿಗೆ ಜಪ್ಪಯ್ಯ ಎಂದರೂ ಹೊಂದುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಅರ್ಥವನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ಕಳಿಸುವವರು ನನಗೆ ಎರಡು ಸಲ ವಿವರಿಸಿದರು, ಎರಡು ಸಲವೂ ನನಗೆ ನಿದ್ದೆ ಬಂತು.

ನಾನು ಈ ಊರಿನ ಹೆಸರುಗಾರ್ತಿ. ಬೇನೆಗಳಿಗೆ ಹೆಸರಿಡುವುದು ನನ್ನ ಉದ್ಯೋಗ. ನೀವು ರೋಗ ಪತ್ತೆಹಚ್ಚುವುದು ಎನ್ನುತ್ತಿದ್ದಿರಲ್ಲ, ಅದೇ. ಬೇನೆ ಎಂದರೇನು ಎಂದು ಮೊದಲು ಹೇಳಿಬಿಟ್ಟರೆ ಮುಂದಿನದು ಸಲೀಸು. ಪ್ರತಿಯೊಂದು ಮೈಗೂ ತನ್ನದೇ ಒಂದು ನೆಲೆ ಉಂಟು. ಬಿಸಿಲಿಗೆ ಬೆವರಿ, ಚಳಿಗೆ ನಡುಗಿ, ಉಪ್ಪು ಜಾಸ್ತಿ ತಿಂದರೆ ನೀರು ಕೇಳಿ, ಹೇಗಾದರೂ ಮಾಡಿ ಅದು ತನ್ನ ಜಾಗಕ್ಕೆ ವಾಪಸು ಬರುತ್ತದೆ. ಆ ಜಾಗಕ್ಕೆ ನಾವು ನಿಜನೆಲೆ ಎನ್ನುತ್ತೇವೆ. ವಾಪಸು ಬರಲಾಗದೆ ಮೈ ಒದ್ದಾಡಿದರೆ ಅದು ಬೇನೆ.

ಬೇನೆಗೆ ಹೆಸರಿಡಬೇಕಾದರೆ ನಾಲ್ಕು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಬೇಕು. ಮೊದಲನೆಯದು ಅಳಲು, ಅಂದರೆ ಕಾಯಿಲೆಯವರಿಗೆ ಮಾತ್ರ ಗೊತ್ತಾಗುವಂಥದ್ದು: ನೋವು, ಓಕರಿಕೆ, ಸುಸ್ತು. ಅವರೇ ಬಾಯಿಬಿಟ್ಟು ಹೇಳಬೇಕು. ಎರಡನೆಯದು ಕುರುಹು, ಹೊರಗಿನವರು ಕಂಡು, ಮುಟ್ಟಿ, ಅಳೆದು ತಿಳಿಯುವಂಥದ್ದು: ಬಾವು, ಮೈಬಿಸಿ, ನಾಡಿ. ನೀವು ಇವೆರಡನ್ನೂ ರೋಗಲಕ್ಷಣ ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದಿರಂತೆ. ಅಯ್ಯೋ ದೇವರೇ, ಹೇಗೆ ಸಂಭಾಳಿಸಿದಿರೋ! ಮೂರನೆಯದು ಬೇರು, ಬೇನೆ ಎಲ್ಲಿಂದ ಹುಟ್ಟಿತು ಎಂಬುದು. ನಾಲ್ಕನೆಯದು ಜಾಡು, ಹುಟ್ಟಿದ ಮೇಲೆ ಮೈಯೊಳಗೆ ಯಾವ ದಾರಿ ಹಿಡಿದು ಏನೇನು ಕೆಡಿಸುತ್ತ ನಡೆಯಿತು ಎಂಬುದು. ಬಂದು ನಾಲ್ಕು ದಿನ ಗದ್ದಲ ಮಾಡಿ ಹೋಗುವುದಕ್ಕೆ ನೆಂಟಬೇನೆ ಎನ್ನುತ್ತೇವೆ. ಚಾಪೆ ಹಾಸಿಕೊಂಡು ಕೂತೇಬಿಡುವುದು ಬಿಡಾರಬೇನೆ. ನನ್ನ ಮೊಣಕಾಲಿನದು ಅಂಥದ್ದು, ಈಗ ಅದಕ್ಕೂ ಸೇರಿಸಿಯೇ ಅಕ್ಕಿ ಹಾಕುತ್ತೇನೆ. ಬೇರು ಸಿಗದಿದ್ದರೆ ಸಿಗಲಿಲ್ಲ ಎಂದು ನಾಚದೆ ಹೇಳುತ್ತೇವೆ.

ನಿಮಗೆ ನಂಬಲು ಕಷ್ಟವಾಗಬಹುದು, ನಮ್ಮಲ್ಲಿ ಬೇನೆ ಬಹಳ ಅಪರೂಪ. ಹುಟ್ಟಿದ ಕೂಸಿನ ಕೈಗೇ ಮಣಿಕಾವಲು ಎಂಬ ಬಳೆ ತೊಡಿಸುತ್ತಾರೆ. ಅದು ನಾಡಿ, ಉಸಿರು, ರಕ್ತದ ಸಕ್ಕರೆ ಎಲ್ಲವನ್ನೂ ಅಳೆಯುತ್ತ, ಊರಿನ ಸರಾಸರಿಗಿಂತ ಹೆಚ್ಚುಕಡಿಮೆಯಾದರೆ ಕೂಗುತ್ತದೆ. ಹೆಚ್ಚಿನ ಬೇನೆಗಳು ಮೊಳಕೆಯಲ್ಲೇ ಮುಗಿದುಹೋಗುತ್ತವೆ. ಹಾಗಾಗಿ ಹೆಸರಿಡುವ ಶಾಸ್ತ್ರ ವರ್ಷಗಳಿಗೊಮ್ಮೆ ಬರುವ ಹಬ್ಬ. ಕೇರಿಗೆ ಕೇರಿಯೇ ಸೇರುತ್ತದೆ, ಕಾಯಿಲೆಯವರನ್ನು ಮಣೆಯ ಮೇಲೆ ಕೂರಿಸುತ್ತಾರೆ, ಕಡಲೆಬೇಳೆ ಪಾಯಸ ಕುದಿಯುತ್ತದೆ, ಕೂಸಿಗೆ ಹೆಸರಿಟ್ಟ ಹಾಗೆಯೇ ಬೇನೆಯ ಹೆಸರನ್ನು ಮೊದಲು ಕಾಯಿಲೆಯವರ ಕಿವಿಯಲ್ಲಿ ಹೇಳುತ್ತಾರೆ. ಹೆಸರು ಸಿಕ್ಕಿದರೆ ಅರ್ಧ ಗೆದ್ದಂತೆ ಎಂದು ಕುಣಿಯುತ್ತಾರೆ. ಇಷ್ಟು ವರ್ಷ ನಾನೂ ಕುಣಿದವಳೇ.

ಹೀಗಿರುವಾಗ ಹಳೆಯ ಡಾಕ್ಟರ ಜಾಗಕ್ಕೆ ಬಂದ ದಾಮೋದರ ಕುಲಕರ್ಣಿ. ವಿಜಾಪುರದ ಕಡೆಯ ಹುಡುಗ, ಡಾಕ್ಟರು, ಚುರುಕು, ಒಳ್ಳೆಯವನು, ಆದರೆ ಕಡಲನ್ನು ಕಂಡವನೇ ಅಲ್ಲ. ಪಾಪ, ಕಲಿತು ಇಷ್ಟು ವರ್ಷವಾದರೂ ತಾನಾಗಿ ಒಂದು ಬೇನೆಯನ್ನೂ ಹಿಡಿದಿರಲಿಲ್ಲ. ಬಂದ ವಾರವೇ ನನ್ನ ಮೊಮ್ಮಗಳು ಶೇವಂತಿಯ ಬಳೆ ಕೂಗಿಕೊಂಡಿತು. ಶೇವಂತಿ ಮುಳುಗಾಳು, ಉಸಿರು ಬಿಗಿಹಿಡಿದು ಇಳಿದು ಗೋಡೆಯ ಬುಡದ ಬಿರುಕಿಗೆ ಗಾರೆ ತುಂಬುವವಳು. ಅವಳ ನಾಡಿ ನಲವತ್ತರ ಆಸುಪಾಸು, ಊರಿನ ಸರಾಸರಿ ಎಪ್ಪತ್ತು. ಹಳೆಯ ಡಾಕ್ಟರು ಮುಳುಗಾಳುಗಳ ಬಳೆಯನ್ನು ಬೇರೆಯಾಗಿ ಹೊಂದಿಸಿದ್ದರಂತೆ. ಆ ವಾರ ಶೇವಂತಿಗೆ ಹೊಸ ಬಳೆ ತೊಡಿಸಿದಾಗ ಅದು ಯಾರಿಗೂ ನೆನಪಾಗಲಿಲ್ಲ.

ದಾಮೋದರನ ಮುಖ ದೀಪ ಹಚ್ಚಿದ ಹಾಗಾಯಿತು. "ನಿನಗೇನೂ ಆಗ್ತಿಲ್ಲೇನವಾ?" ಎಂದು ಕೇಳಿದ. ಏನೂ ಇಲ್ಲ ಎಂದಳು. ಅಳಲೇ ಇಲ್ಲದ ಬೇನೆಗಳೂ ಇರುತ್ತವೆ, ಅವೇ ಹೆಚ್ಚು ಮೋಸದವು ಎಂದ. ಅದು ಸುಳ್ಳಲ್ಲ, ನಾನೇ ಎಷ್ಟೋ ಮಂದಿಗೆ ಹೇಳಿಕೊಟ್ಟ ಮಾತು. ನಾಡಿ ಏರಿಸಲು ಒಂದು ಗುಳಿಗೆ ಕೊಟ್ಟ. ಕೇರಿಯವರಿಗಂತೂ ಹಿಗ್ಗೇ ಹಿಗ್ಗು, ಬೆಲ್ಲ ಕೂಡಿಹಾಕಲು ಶುರುಮಾಡಿದರು. ಪಕ್ಕದ ಮನೆಯ ಗಿರಿಜೆ ನನ್ನನ್ನು ನಿಲ್ಲಿಸಿಕೊಂಡು, "ನಿಮ್ಮನೆಗೆ ಯೋಗ ಬಂತಲ್ಲ ಬೀರಕ್ಕಾ!" ಎಂದಳು. ನಾನೂ ಹಲ್ಲುಕಿರಿದೆ.

ಆಮೇಲೆ ಹುಡುಗಿ ಕರಗತೊಡಗಿದಳು. ಕೈ ನಡುಗಿತು, ಎದೆ ಡವಡವ ಎಂದಿತು, ನಿದ್ದೆ ಹಾರಿಹೋಯಿತು. ಬೇನೆ ಈಗ ಹೊರಗೆ ಬಿತ್ತು ನೋಡಿ ಎಂದ ದಾಮೋದರ, ನಿದ್ದೆಗೆ ಇನ್ನೊಂದು ಗುಳಿಗೆ ಕೊಟ್ಟ. ಅದರಿಂದ ಹಗಲೆಲ್ಲ ತಲೆ ತಿರುಗಿತು. ತಲೆತಿರುಗಿಗೆ ಮತ್ತೊಂದು ಬಂತು. ಗೋಡೆಯ ಮೇಲಿಂದ ಮೀನಿನ ಹಾಗೆ ಹಾರುತ್ತಿದ್ದವಳು ಬಚ್ಚಲಿಗೆ ಹೋಗಲು ನನ್ನ ಭುಜ ಹಿಡಿಯುತ್ತಿದ್ದಳು. ಅವಳನ್ನು ನೀರಿಗೆ ಇಳಿಯದಂತೆ ಮಾಡಿದರು. ಒಂದು ದಿನ ಗಂಜಿ ಕುಡಿಸುವಾಗ, "ಅಜ್ಜೀ, ನಾನು ಸತ್ತುಹೋಗ್ತೇನಾ?" ಎಂದು ಕೇಳಿದಳು. ಹುಚ್ಚಿ, ನಿನಗಿಂತ ಮೊದಲು ಸಾಲಿನಲ್ಲಿ ನಿಂತವಳು ನಾನು ಎಂದು ಗದರಿದೆ.

ನಿಮಗೆ ಅನಿಸಬಹುದು, ಈ ಮುದುಕಿ ಹೆಸರುಗಾರ್ತಿಯಲ್ಲವೇ, ಸುಮ್ಮನೆ ಯಾಕೆ ಕೂತಳು ಎಂದು. ನಮ್ಮಲ್ಲಿ ಒಂದು ಕಟ್ಟಳೆ ಉಂಟು. ತನ್ನ ಮನೆಯವರ ಬೇನೆಯ ಬಗ್ಗೆ ಹೆಸರುಗಾರ್ತಿ ಬಾಯಿ ತೆರೆಯುವ ಹಾಗಿಲ್ಲ, ಶಾಸ್ತ್ರದ ದಿನ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು; ಆಗ ಪ್ರಶ್ನೆ ಕೇಳಿ ಹೆಸರಿಡುವುದು ಡಾಕ್ಟರ ಪಾಲಿನ ಕೆಲಸ. ಪ್ರೀತಿಗೆ ಕಣ್ಣು ಮಂಜು ಎಂದು ಹಿರಿಯರು ಮಾಡಿದ್ದು. ಅದು ಸರಿಯೂ ಹೌದು, ಮೊದಮೊದಲು ನನಗೂ ಏನೂ ಹೊಳೆದಿರಲಿಲ್ಲ, ಬರೀ ಹೆದರಿಕೆ. ಮೂರನೆಯ ಗುಳಿಗೆ ಬಂದಾಗ ಮಾತ್ರ ತಲೆಯೊಳಗೆ ಏನೋ ಚುರುಕ್ ಎಂದಿತು: ಜಾಡು ಇದೆ, ಅಗಲವಾಗಿ ಇದೆ, ಆದರೆ ಅದು ಗುಳಿಗೆಯ ಡಬ್ಬಿಯಿಂದ ಹೊರಟಂತೆ ಕಾಣುತ್ತದೆ. ಹೇಳುವ ಹಾಗಿಲ್ಲ. ಊರೆಲ್ಲ ಬಾಯಿಬಡುಕಿ ಎನ್ನುವ ನಾನು ತುಟಿ ಕಚ್ಚಿಕೊಂಡು ಕೂರುವುದೆಂದರೆ! ಆದರೆ ಹೆಸರಿಡುವ ದಿನವನ್ನು ಬೇಗನೆ ಇಟ್ಟುಕೊಳ್ಳುವ ಹಕ್ಕು ಮನೆಯವರಿಗೆ ಉಂಟು. ನಾಳೆಯೇ ಆಗಬೇಕು ಎಂದು ಪಟ್ಟುಹಿಡಿದೆ. ಪಾಯಸಕ್ಕೆ ಬೆಲ್ಲ ಸಾಲದು ಎಂದರು. ಬೆಲ್ಲ ಮನೆ ಹಾಳಾಗಲಿ, ಉಪ್ಪು ಹಾಕಿ ಕುದಿಸಿ ಎಂದೆ.

ಮರುದಿನ ಬೆಳಗ್ಗೆ ಕೇರಿಯೆಲ್ಲ ಸೇರಿತು. ಶೇವಂತಿ ಮಣೆಯ ಮೇಲೆ ಕೂತು ನಡುಗುತ್ತಿದ್ದಳು. ದಾಮೋದರ ಹೊಸ ಪಂಚೆ ಉಟ್ಟು ಬಂದಿದ್ದ. ಅಳಲು ಏನು ಎಂದು ಗಟ್ಟಿಯಾಗಿ ಕೇಳಿದ, ಅವಳು ಹೇಳಿದಳು. ಕುರುಹುಗಳನ್ನು ಅವನೇ ಹೇಳಿದ. ಮೂರನೆಯದಾಗಿ ಬೇರು ಕೇಳಬೇಕು. "ಇವು ಯಾವಾಗಿಂದ ಸುರು ಆದವು ನನ್ನವ್ವಾ, ಅದಕ್ಕ ಮುಂಚೆ ಏನಾಗಿತ್ತು?" ಎಂದ. ಹುಡುಗಿ ಸ್ವಲ್ಪ ಯೋಚಿಸಿ, ಯಾವ ಸಿಟ್ಟೂ ಇಲ್ಲದೆ ಹೇಳಿದಳು: "ನೀವು ಗುಳಿಗೆ ಕೊಟ್ಟಿರಿ ಡಾಕ್ಟ್ರೇ."

ತಪ್ಪಿಸಿಕೊಳ್ಳಲು ದಾಮೋದರನಿಗೆ ದಾರಿ ಇತ್ತು, ಅವಳ ಒಳಗೇ ಇದ್ದ ಬೇನೆ ಬಲಿಯಿತು ಎಂದು ಹೇಳಿಬಿಡಬಹುದಿತ್ತು. ಅವನು ನಿಧಾನವಾಗಿ ನನ್ನ ಕಡೆ ತಿರುಗಿ ಕೇಳಿದ, "ಅಜ್ಜಿ, ಈಕಿ ಚೆಂದಾಗಿ ಇದ್ದಾಗ ನಾಡಿ ಎಷ್ಟಿರ್ತಿತ್ತು?" ಕೇಳಿದನಲ್ಲ! ಕಟ್ಟೆ ಒಡೆಯಿತು. ಅವಳಿಗೆ ಮಾತ್ರವಲ್ಲ ತಮಾ, ಅವಳ ಅವ್ವನಿಗೂ ನೀರಿಗಿಳಿಯಲು ಕಲಿತ ಮೇಲೆ ನಾಡಿ ಹಾಗೇ ನಿಧಾನ, ಮುಳುಗುವವರ ಗುಂಡಿಗೆಗೆ ಕಸುವು ಜಾಸ್ತಿ, ಒಂದು ಬಡಿತಕ್ಕೇ ಬೇಕಾದಷ್ಟು ರಕ್ತ ನೂಕುತ್ತದೆ, ಅದು ಅವಳ ನಿಜನೆಲೆ, ಊರಿನ ಸರಾಸರಿ ತೆಗೆದುಕೊಂಡು ಅವಳೇನು ಉಪ್ಪಿನಕಾಯಿ ಹಾಕಬೇಕಾ ಎಂದು ಒಂದೇ ಉಸಿರಿನಲ್ಲಿ ಹೇಳಿ ಅತ್ತುಬಿಟ್ಟೆ.

ದಾಮೋದರ ನೆಲದ ಮೇಲೆ ಕೂತ. ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಅವನೇ ಬಿಡಿಸಿದ: ಮೊದಲ ಗುಳಿಗೆಯಿಂದ ನಡುಕ, ಎರಡನೆಯದರಿಂದ ತಲೆತಿರುಗು, ಮೂರನೆಯದರಿಂದ ಬಾಯಿ ಒಣಗಿ ಊಟ ಸೇರದ್ದು, ಒಂದೊಂದಾಗಿ, ಏನನ್ನೂ ಮುಚ್ಚಿಡದೆ. ಮದ್ದು ಕೊಡುವ ಕೈಯಿಂದಲೇ ಹುಟ್ಟುವ ಬೇನೆಗೆ ನಮ್ಮಲ್ಲಿ ಕೈಬೇನೆ ಎಂಬ ಜಾತಿಯೇ ಉಂಟು. ಜಾತಿ ಗೊತ್ತಾಯಿತು, ಹೆಸರು ಬೇಕಲ್ಲ. ಅವನು ಎದ್ದು ಶೇವಂತಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಎಷ್ಟೋ ವಾರಗಳಿಂದ ಹಲ್ಲು ತೋರಿಸದ ಹುಡುಗಿ ಕಿಲಕಿಲ ನಕ್ಕಳು. ಆಮೇಲೆ ಅವನು ಕಣ್ಣು ತುಂಬಿಕೊಂಡು, ಕೇರಿಗೆಲ್ಲ ಕೇಳುವಂತೆ ಕೂಗಿದ: ದಾಮೋದರ ಬೇನೆ! ತನ್ನ ಹೆಸರನ್ನೇ ಇಟ್ಟಿದ್ದ. ಮುಂದೆ ಯಾವ ಊರಿನಲ್ಲಿ ಯಾವ ಡಾಕ್ಟರು ಸರಾಸರಿ ನೋಡಿ ಗುಳಿಗೆ ಕೊಡಲು ಹೊರಟರೂ ಈ ಹೆಸರು ನೆನಪಾಗಲಿ ಎಂದ. ಗಿರಿಜೆ ಮೊದಲು ಚಪ್ಪಾಳೆ ಹೊಡೆದಳು. ಬೆಲ್ಲ ಕಡಿಮೆಯಾದ ಆ ಪಾಯಸದಷ್ಟು ರುಚಿಯಾದದ್ದನ್ನು ನಾನು ಈ ಎಪ್ಪತ್ತಾರು ವರ್ಷಗಳಲ್ಲಿ ಉಂಡಿಲ್ಲ.

ಗುಳಿಗೆಗಳನ್ನು ಒಂದೇ ಏಟಿಗೆ ಬಿಡಿಸದೆ ಮೆಲ್ಲಗೆ ಇಳಿಸಿದ. ನಡುಕ ಹೋಯಿತು, ನಿದ್ದೆ ಬಂತು, ಹುಡುಗಿ ಬಂಗಡೆ ಸಾರಿಗೆ ಎರಡನೆಯ ಸಲ ಅನ್ನ ಕೇಳಿದಳು. ಆದರೆ ಗುಂಡಿಗೆ ಮೊದಲಿನ ಹಾಗೆ ನೀರು ತಡೆಯುತ್ತದೋ ಇಲ್ಲವೋ ಎಂಬುದು ಇಳಿದು ನೋಡದೆ ಯಾರಿಗೂ ಗೊತ್ತಾಗುವಂತಿಲ್ಲ. ಇವತ್ತು ಅವಳು ಇಳಿಯುವ ದಿನ. ನಾನು ಇದನ್ನು ಗೋಡೆಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ದಾಮೋದರ ನಿಂತಿದ್ದಾನೆ, ಮುಖದಲ್ಲಿ ರಕ್ತವಿಲ್ಲ.

ಈಗಷ್ಟೇ ಹಾರಿದಳು. ಅವಳು ಬರುವಷ್ಟರಲ್ಲಿ ನಿಮ್ಮ ಹತ್ತಿರ ಒಂದು ಮಾತು ಕೇಳಿಕೊಂಡುಬಿಡುತ್ತೇನೆ. ನೀವು ನಮ್ಮ ಅಜ್ಜಂದಿರ ಅಜ್ಜಂದಿರು, ನಿಮ್ಮ ಮೈಯೇ ನಮಗೆ ಬಂದದ್ದು. ಮೈ ಚೆನ್ನಾಗಿರುವಾಗಲೇ ಒಮ್ಮೆ ಕೂತು, ಚೆನ್ನಾಗಿರುವುದೆಂದರೆ ನಿಮಗೆ ಹೇಗೆ ಎಂದು ನೋಡಿಕೊಳ್ಳಿ, ಮನೆಯವರಿಗೂ ಹೇಳಿ. ನೋವಾದರೆ ಡಾಕ್ಟರಿಗೆ ನಿಮ್ಮ ಮಾತಿನಲ್ಲೇ ಹೇಳಿ, ನಾಚಬೇಡಿ. ಹೊಸ ಮದ್ದು ತಿಂದ ಮೇಲೆ ಏನಾಯಿತು ಎಂಬುದನ್ನೂ ಹೇಳಿ, ಅವರನ್ನು ಕೇಳದೆ ನೀವಾಗಿ ಬಿಟ್ಟುಬಿಡಬೇಡಿ. ಅವರ ಮೇಲೆ ಸಿಟ್ಟುಮಾಡಬೇಡಿ, ಅವರೂ ಮನುಷ್ಯರು.

ಇನ್ನೂ ಬಂದಿಲ್ಲ. ದಾಮೋದರ ನನ್ನ ಕೈ ಹಿಡಿದುಕೊಂಡಿದ್ದಾನೆ, ಅಕ್ಷರ ವಕ್ರವಾದರೆ ಅದಕ್ಕೇ.

ಬಂದಳು! ಬಂದಳು! ತಲೆ ಕೊಡವಿ, ಸತ್ತವರ ಮನೆಯ ಮುಂದೆ ನಿಂತ ಹಾಗೆ ಯಾಕೆ ನಿಂತಿದ್ದೀರಿ ಇಬ್ಬರೂ ಎಂದು ನಮ್ಮನ್ನೇ ಬೈಯುತ್ತಿದ್ದಾಳೆ. ದಾಮೋದರ ಬಗ್ಗಿ ಅವಳ ಒದ್ದೆ ಕೈ ಹಿಡಿದು, ಬಳೆಯನ್ನು ನೋಡದೆ, ಕಣ್ಣು ಮುಚ್ಚಿ ನಾಡಿ ಎಣಿಸುತ್ತಿದ್ದಾನೆ. ಈಗ ಕಣ್ಣು ತೆರೆದ.

"ಭಾಳ ನಿಧಾನ ಅದ ಅಜ್ಜಿ," ಎನ್ನುತ್ತಿದ್ದಾನೆ, "ಭಾಳ ಛಲೋ ಅದ."