ಮೊದಲು ಮುಟ್ಟಿದವರ ಪಾಲು

ನವೆಂಬರ್ ೧೨, ಬುಧವಾರ

ಮೈಯೆಲ್ಲ ಉರಿಯುತ್ತಿದೆ. ನಮ್ಮ ಸರ್ವರಿನಲ್ಲಿ ಎರಡು ಪ್ರೊಸೆಸರ್, ಒಂದೊಂದರ ಪಕ್ಕಕ್ಕೂ ಅದರದೇ ಮೆಮೊರಿ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಕರ್ನೆಲ್, ಅದರ ನಿಯಮ ಇಷ್ಟೇ: ಮೆಮೊರಿಯ ಪುಟವನ್ನು, ಅಂದರೆ ಒಂದೊಂದು ತುಣುಕನ್ನು, ಯಾವ ಪ್ರೊಸೆಸರ್ ಮೊದಲು ಮುಟ್ಟುತ್ತದೋ ಅದರ ಮಗ್ಗುಲಿಗೇ ಇಡು. ಆಮೇಲೆ ಬಳಸುವವರು ಯಾರೆಂದು ಕೇಳಬೇಡ.

ನಮ್ಮ ಟೀಮ್ ಲೀಡ್‌ಗೆ ಗುಡಿಸುವ ಚಟ. ಹಿಂದಿನಿಂದ ನಾವು ಕರೆಯುವುದು ಪೊರಕೆ ಸಾರ್ ಎಂದು. ಪ್ರೋಗ್ರಾಂ ಶುರುವಾಗುತ್ತಲೇ ಒಂದೇ ಪ್ರೊಸೆಸರಿನಿಂದ ಇಡೀ ಮೆಮೊರಿಗೆ ಸೊನ್ನೆ ತುಂಬಿಸಿ ಗುಡಿಸಿಡುವ ಕೋಡಿನ ಸಾಲು ಅವರದೇ. ಹಾಗಾಗಿ ಎಲ್ಲ ಪುಟವೂ ಅದರ ಪಾಲಾಗಿ, ಎರಡನೆಯದು ತುತ್ತುತುತ್ತಿಗೂ ಪಕ್ಕದ ಮನೆಗೆ ಓಡುತ್ತಿತ್ತು. ಮೂರು ವಾರ ಬಾಯಿ ಬಡಿದುಕೊಂಡೆ. "ಸುಮ್ನಿರಮ್ಮ, ನಿಂಗೆ ಬರೀ ಅನುಮಾನ" ಅಂದರು.

ಇವತ್ತು ಬೆಳಿಗ್ಗೆ ಆ ಸಾಲನ್ನು ಕಿತ್ತು, ಆಯಾ ಪ್ರೊಸೆಸರೇ ತನ್ನ ಪುಟಗಳನ್ನು ಮೊದಲು ಮುಟ್ಟುವಂತೆ ಮಾಡಿದೆ. ನಲವತ್ತು ನಿಮಿಷದ ಕೆಲಸ ಇಪ್ಪತ್ತಮೂರಕ್ಕೆ ಇಳಿಯಿತು. ಅವರಿಗೆ ತೋರಿಸಿ ಊಟಕ್ಕೆ ಹೋದೆ, ಕೈ ತೊಳೆದು ಬರುವಷ್ಟರಲ್ಲಿ ಎಲ್ಲರಿಗೂ ಅವರ ಮೇಲ್ ಹೋಗಿತ್ತು: "ನಾನು ಕಂಡುಹಿಡಿದ ದೋಷ." ನನ್ನ ಹೆಸರು ದೀಪ ಹಚ್ಚಿ ಹುಡುಕಿದರೂ ಇಲ್ಲ. ಕೇಳಿದರೆ ಹಲ್ಲು ಕಿರಿದು, "ಒಂದೇ ಟೀಮ್ ಅಂದ್ಮೇಲೆ ನಿಂದು ನಂದು ಏನಮ್ಮಾ?" ಅಂತೆ. ಥೂ!

ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ. "ನೀನೇ ಮೊದ್ಲು ಮೇಲ್ ಹಾಕ್ಬೇಕಿತ್ತು ಕಣೇ, ಊಟ ಎಲ್ಲಿಗೆ ಓಡಿಹೋಗ್ತಿತ್ತು?" ಅಂದಳು. ಅವಳ ಮೇಲೂ ರೇಗಿದೆ. ಪಾಪ, ಅವಳೇನು ಮಾಡಿದಳು.

ಇರಲಿ. ನಮ್ಮ ಕೋಡಿನ ಪ್ರತಿ ಸಾಲಿನ ಎದುರಿಗೂ ಬರೆದವರ ಹೆಸರು, ತಾರೀಕು ಉಳಿದಿರುತ್ತದೆ. ನಾಳೆ ಎಲ್ಲರಿಗೂ ಉತ್ತರ ಹಾಕುತ್ತೇನೆ: ದೋಷ ಕಂಡುಹಿಡಿದವರು ನೀವೇ ಇರಲಿ ಸಾರ್, ಆದರೆ ಆ ಸೊನ್ನೆ ತುಂಬಿಸುವ ಸಾಲನ್ನು ಮೊದಲು ಮುಟ್ಟಿದ ಕೈಯೂ ನಿಮ್ಮದೇ.